ಬಿರುಕು ಬಿಟ್ಟ ಟ್ರ್ಯಾಕ್ಟರ್ ಫ್ರೇಮ್: ಕುಶಾಲನಗರ ಕಡೆಯ ಒಂದು ವೆಲ್ಡಿಂಗ್ ಶಾಪಿನ ಕೆಲಸ ಹೇಗಿದೆ?

ಗಾಡಿ 18 ಎಚ್‌ಪಿಯ ಹಳೇ ಗಾರ್ಡನ್ ಟ್ರ್ಯಾಕ್ಟರ್. ಎಂಜಿನ್ನಿನ ಎರಡೂ ಬದಿಗೆ 6 ಮಿ.ಮೀ. ದಪ್ಪದ ಚಾನೆಲ್, ಅಂದರೆ ಫ್ರೇಮಿನ ಉದ್ದನೆಯ ಉಕ್ಕಿನ ತೊಲೆ, ಇರುವ ಮಾದರಿ. ಎಡಗಡೆ ಚಾನೆಲ್‌ನಲ್ಲಿ, ಮುಂದಿನ ಆಕ್ಸಲ್ ಬ್ರಾಕೆಟ್ಟಿನ ಬೋಲ್ಟ್ ತೂತಿನಿಂದ ಹೊರಟ ಬಿರುಕು ಕೆಳಗಿನ ಅಂಚನ್ನು ಸೀಳಿಕೊಂಡು ಹೋಗಿತ್ತು, ಮೇಲಕ್ಕೂ ಒಂದಿಷ್ಟು ಹತ್ತಿತ್ತು. ಅದೇ ಜಾಗದಲ್ಲಿ ಹಿಂದೊಮ್ಮೆ ಯಾರೋ ಎಳೆದ ವೆಲ್ಡ್ ಇತ್ತು. ವೆಲ್ಡ್ ಹಾಗೇ ನಿಂತಿದೆ, ಪಕ್ಕದ ಕಬ್ಬಿಣ ಒಡೆದಿದೆ. ತೋಟದ ಗಾಡಿಗಳಲ್ಲಿ ಎರಡನೇ ಸಲ ಒಡೆಯುವುದು ಬಹುತೇಕ ಹೀಗೇ.

ಶಾಪಿನ ಕೈಕೆಲಸ ಚೆನ್ನಾಗಿದೆ. ಎರಡು ಕಡೆ ಮಾತ್ರ ಗಾಡಿಯ ಮಾಲೀಕರೇ ಬಾಯಿ ಬಿಟ್ಟು ಕೇಳಬೇಕಾಯಿತು.

ಮೊದಲು ಮೆಚ್ಚಬೇಕಾದ್ದು: ಗಾಡಿ ಬಂದ ತಕ್ಷಣ ವೆಲ್ಡಿಂಗ್ ಹೋಲ್ಡರ್ ಕೈಗೆತ್ತಿಕೊಳ್ಳಲಿಲ್ಲ. ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿದರು, ಆಲ್ಟರ್ನೇಟರ್ ಪ್ಲಗ್ ಕಳಚಿದರು, ಡೀಸೆಲ್ ಟ್ಯಾಂಕ್ ಇಳಿಸಿ ಶೆಡ್ಡಿನಿಂದಾಚೆ ಇಟ್ಟರು. ಅರ್ಥ್ ಕ್ಲ್ಯಾಂಪನ್ನು ಬಿರುಕಿನಿಂದ ಒಂದು ಗೇಣು ದೂರದಲ್ಲಿ, ಅದೇ ಚಾನೆಲ್‌ಗೆ, ಪೇಂಟ್ ಕೆರೆದು ಹಾಕಿದರು. ಇದನ್ನು ಚಕ್ರಕ್ಕೋ ಹಿಂದಿನ ಹುಕ್ಕಿಗೋ ಸಿಕ್ಕಿಸುವವರಿದ್ದಾರೆ. ಆಗ ಕರೆಂಟು ಬೇರಿಂಗ್ ದಾಟಿಯೇ ಹೋಗಬೇಕು. ಬೇರಿಂಗಿನ ಗುಂಡುಗಳ ಮೇಲೆ ಸಣ್ಣ ಸಣ್ಣ ಸುಟ್ಟ ಗುಳಿ ಬೀಳುತ್ತವೆ, ಕೆಲವು ತಿಂಗಳಾದ ಮೇಲೆ ಅದು ಗುಂಯ್‌ಗುಟ್ಟಲು ಶುರು ಮಾಡುತ್ತದೆ. ಆಗ ವೆಲ್ಡಿಂಗಿನ ನೆನಪು ಯಾರಿಗೂ ಬರುವುದಿಲ್ಲ.

ಮುಂದೆ ಆಕ್ಸಲ್, ಹಿಂದೆ ಗೇರ್‌ಬಾಕ್ಸ್, ನಡುವೆ ಎಂಜಿನ್ ತೂಕ. ಹಾಗಾಗಿ ಚಾನೆಲ್ಲಿನ ಕೆಳ ಅಂಚು ಸದಾ ಎಳೆತದಲ್ಲಿರುತ್ತದೆ, ಬಿರುಕಿನ ಬಾಯಿ ಕೆಳಗಡೆ ತೆರೆದುಕೊಳ್ಳುತ್ತದೆ. ಎಂಜಿನ್ ಆಯಿಲ್ ಸಂಪಿನ ಕೆಳಗೆ ಹಲಗೆ ಕೊಟ್ಟು ಜಾಕ್ ಏರಿಸಿದಂತೆ ಆ ಬಾಯಿ ಮೆಲ್ಲಗೆ ಮುಚ್ಚಿಕೊಂಡಿದ್ದು ಕಣ್ಣಿಗೇ ಕಾಣುತ್ತಿತ್ತು. ಮುಚ್ಚಿದ ಮೇಲೆ ಟೇಪು ಹಿಡಿದು ಫ್ರೇಮಿನ ಎರಡೂ ಕರ್ಣ ಅಳೆದರು. ವ್ಯತ್ಯಾಸ 2 ಮಿ.ಮೀ. ಒಳಗೆ ಬಂದ ನಂತರವೇ ಟ್ಯಾಕ್ (ಹಿಡಿದಿಡಲು ಹಾಕುವ ಚುಕ್ಕಿ ವೆಲ್ಡ್). ಈ ಹಂತ ಬಿಟ್ಟರೆ ಸೊಟ್ಟಗಿರುವ ಫ್ರೇಮನ್ನೇ ಗಟ್ಟಿ ಮಾಡಿದ ಹಾಗೆ.

ಬಿರುಕಿನ ತುದಿ ಹುಡುಕಲು ಡೈ ಪೆನಿಟ್ರೆಂಟ್ ಕಿಟ್ ಇದೆ ಇವರಲ್ಲಿ, ಮೂರು ಸ್ಪ್ರೇ ಡಬ್ಬಿಯದು. ತೊಳೆದು, ಕೆಂಪು ಬಣ್ಣ ಹೊಡೆದು ಹದಿನೈದು ನಿಮಿಷ ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಹಾಕಿದಾಗ ಕೆಂಪು ಗೆರೆ ಬರಿಗಣ್ಣಿಗೆ ಕಂಡಿದ್ದಕ್ಕಿಂತ ಎರಡು ಬೆರಳಿನಷ್ಟು ಮುಂದೆ ಹೋಗಿತ್ತು. ಬಿರುಕು ಮುಂದೆ ಹರಿಯದಂತೆ ಆ ತುದಿಯಿಂದಲೂ 3 ಮಿ.ಮೀ. ಆಚೆ 6 ಮಿ.ಮೀ. ತೂತು ಕೊರೆದರು. ಕಿಟ್ ಸಿಗದಿದ್ದರೆ ಡೀಸೆಲ್ ಸವರಿ, ಒರೆಸಿ, ಚಾಕ್‌ಪುಡಿ ಉದುರಿಸಿದರೂ ಗೆರೆ ಮೂಡುತ್ತದೆ. ಅಷ್ಟು ಸ್ಪಷ್ಟವಿರದು, ಅಷ್ಟೇ.

ಈಗ ಕೊಡಗಿನದೇ ಒಂದು ಕಾಟ. ಈ ಗಾಡಿಯ ಹಿಂದೆ ಎಚ್‌ಟಿಪಿ (ಹೆಚ್ಚು ಒತ್ತಡದ) ಸ್ಪ್ರೇಯರ್ ಕಟ್ಟಿ ವರ್ಷವರ್ಷವೂ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದಿದ್ದಾರೆ: 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ಡ್ರಮ್ಮಿನಲ್ಲಿ ಕರಗಿಸುವಾಗ ಚೆಲ್ಲಿದ ಮೈಲುತುತ್ತದ ನೀರು ಬರೀ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಪೇಂಟ್ ಎದ್ದ ಕಡೆ ಗ್ರೈಂಡರ್ ತಾಗಿಸಿದಾಗ ತುಕ್ಕಿನ ಕೆಳಗೆ ನಸುಗೆಂಪು ಹೊಳಪು ಕಂಡಿತು. ಅದು ತುಕ್ಕಲ್ಲ. ಆ ತಾಮ್ರದ ಮೇಲೆಯೇ ವೆಲ್ಡ್ ಎಳೆದರೆ ಕರಗಿದ ತಾಮ್ರ ಉಕ್ಕಿನ ಕಣಗಳ ಸಂದಿಗೆ ಇಳಿದು, ವೆಲ್ಡ್ ಆರುವ ಮೊದಲೇ ಹೊಸ ಬಿರುಕು ಬಿಡಿಸುತ್ತದೆ. ಇಲ್ಲಿನ ಹುಡುಗ ಎರಡೂ ಬದಿಗೆ 40 ಮಿ.ಮೀ. ಅಗಲ ಬೆಳ್ಳಗಾಗುವ ತನಕ ತಿಕ್ಕಿದ. ಇದಕ್ಕೆ ಪೂರ್ತಿ ಅಂಕ.

ಹಳೇ ವೆಲ್ಡನ್ನೂ ಪೂರ್ತಿ ಕೆತ್ತಿ ತೆಗೆದು, ಬಿರುಕಿನುದ್ದಕ್ಕೂ 60 ಡಿಗ್ರಿಯ ವಿ ಆಕಾರದ ತೋಡು ಕೊರೆದರು. ಮೊದಲ ಪದರಕ್ಕೆ 2.5 ಮಿ.ಮೀ. ವೆಲ್ಡಿಂಗ್ ರಾಡ್, 80 ಆಂಪಿಯರ್. ಮೇಲಿನದಕ್ಕೆ 3.15 ರಾಡ್, 120. ತೂತಿನ ಕಡೆಯಿಂದ ಕೆಳಗಿನ ಅಂಚಿನ ಕಡೆಗೆ ಎಳೆಯುತ್ತಾ, ಅಂಚಿನಾಚೆ ಒಂದು ತುಂಡು ಪಟ್ಟಿ ಟ್ಯಾಕ್ ಮಾಡಿ ವೆಲ್ಡನ್ನು ಅದರ ಮೇಲೆ ಮುಗಿಸಿ, ಆಮೇಲೆ ಪಟ್ಟಿ ಕತ್ತರಿಸಿದರು. ವೆಲ್ಡ್ ಮುಗಿಯುವಲ್ಲಿ ಗುಳಿ ಬೀಳುವುದು ಸಹಜ, ಅದು ಚಾನೆಲ್ಲಿನ ಅಂಚಿನಲ್ಲೇ ಬಿದ್ದರೆ ಮುಂದಿನ ಬಿರುಕು ಅಲ್ಲಿಂದಲೇ.

ಮೊದಲ ಕೊರತೆ ರಾಡಿನದು. ಫ್ರೇಮಿಗೆ 7018 ನಂಬರಿನ ರಾಡ್ ಬಳಸುವುದು ಸರಿ, ಗೇಟಿಗೆ ಹಾಕುವ 6013 ನಂಬರಿನದು ಇಲ್ಲಿಗಲ್ಲ. ಆದರೆ ಎತ್ತಿಕೊಂಡದ್ದು ಬಾಯಿ ತೆರೆದ ಪ್ಯಾಕೆಟ್ಟಿನಿಂದ, ಅದೂ ಗೋಡೆಗೆ ಬೂಷ್ಟು ಹಿಡಿಯುವ ಮಳೆಗಾಲದಲ್ಲಿ. 7018ರ ಹೊದಿಕೆ ಗಾಳಿಯ ತೇವ ಹೀರುತ್ತದೆ. ಆರ್ಕಿನಲ್ಲಿ ಆ ತೇವ ಹೈಡ್ರೋಜನ್ ಆಗಿ ವೆಲ್ಡಿನೊಳಗೆ ಸೇರುತ್ತದೆ. ಇವತ್ತು ಚೆಂದ ಕಾಣುವ ವೆಲ್ಡ್ ನಾಡಿದ್ದು ಬಿರಿಯಬಹುದು. ತೆರೆದಿಟ್ಟ ರಾಡನ್ನು 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಬೇಕು, ಬಿಸಿಲಿಗಿಟ್ಟರೆ ಸಾಲದು. ಶಾಪಿನಲ್ಲಿ ಓವನ್ ಇದೆ, ಕೇಳಿದ ಮೇಲೆಯೇ ಉರಿಯಿತು. ಕೇಳಲು ಸಂಕೋಚವೆನಿಸಿದರೆ ಹೊಸ ಸೀಲ್ಡ್ ಪ್ಯಾಕೆಟ್ ನೀವೇ ಒಯ್ಯಿರಿ.

ಬಲಕ್ಕೆಂದು ಮೇಲೆ ಬೆಸೆದ ಪ್ಲೇಟ್ ಮಾತ್ರ ಹೆಸರಿಡುವಂತಿಲ್ಲ. ಚೌಕದ ಪ್ಲೇಟಿಟ್ಟು ನಾಲ್ಕೂ ಸುತ್ತ ವೆಲ್ಡ್ ಹೊಡೆಯುವುದು ಎಲ್ಲೆಡೆಯ ರೂಢಿ. ಪ್ಲೇಟ್ ಮುಗಿಯುವಲ್ಲಿ ಗಟ್ಟಿ ಭಾಗ ಒಮ್ಮೆಲೇ ನಿಂತು ಮೆದು ಭಾಗ ಶುರುವಾಗುತ್ತದೆ, ಅಡ್ಡ ವೆಲ್ಡಿನ ಗೆರೆಯಲ್ಲೇ ಚಾನೆಲ್ ಮುರಿಯುತ್ತದೆ. ಈ ಗಾಡಿಯಲ್ಲೂ ಹಳೇ ವೆಲ್ಡಿನ ಪಕ್ಕದಲ್ಲೇ ಒಡೆದಿತ್ತಲ್ಲ. ಇವರು ಎರಡೂ ತುದಿ ಮೀನಿನ ಮೂತಿಯ ಹಾಗೆ ಚೂಪಾದ 6 ಮಿ.ಮೀ. ಪ್ಲೇಟ್ ಕತ್ತರಿಸಿ, ಚಾನೆಲ್ಲಿನ ಮೇಲಂಚು ಕೆಳಂಚಿನಿಂದ 20 ಮಿ.ಮೀ. ಒಳಗಿಟ್ಟು, ಓರೆ ಬದಿಗಳಿಗಷ್ಟೇ ವೆಲ್ಡ್ ಕೊಟ್ಟು ಮೂತಿಗಳನ್ನು ಹಾಗೇ ಬಿಟ್ಟರು. ಆರಲು ನೀರು ಸುರಿಯಲಿಲ್ಲ. ಶಟರ್ ಎಳೆದು ಸಂಜೆತನಕ ಬಿಟ್ಟರು.

ಎರಡನೇ ಕೊರತೆ: ಬಿರುಕು ಯಾಕೆ ಬಂತು ಎಂದು ನೋಡಲೇ ಇಲ್ಲ. ಮುಂದಿನ ಆಕ್ಸಲ್ ಎತ್ತಿ ಅಲುಗಿಸಿದರೆ ಸೆಂಟರ್ ಪಿನ್ ಕಟಕಟ ಎನ್ನುತ್ತಿತ್ತು. ಪಿನ್ ಕೂರುವ ಬುಷ್ ಸವೆದು ಹೋಗಿದೆ. ಸಿಲ್ವರ್ ಓಕಿನ ಬುಡ, ಗುಂಡಿ, ಕಲ್ಲು ದಾಟಿದಾಗೆಲ್ಲ ಆಕ್ಸಲ್ ಬ್ರಾಕೆಟ್ಟಿಗೆ ಸುತ್ತಿಗೆ ಏಟು ಬೀಳುತ್ತದೆ, ಬೋಲ್ಟ್ ಸಡಿಲಾಗುತ್ತದೆ, ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹೇಳಿದ ಮೇಲೆ ಬುಷ್ ಬದಲಿಸಿದರು. ತೂತುಗಳನ್ನು ತುಂಬಿ ಹೊಸದಾಗಿ ಕೊರೆದು, 12 ಮಿ.ಮೀ.ನ 8.8 ಗ್ರೇಡ್ ಬೋಲ್ಟನ್ನು ಸುಮಾರು 80 ನ್ಯೂಟನ್ ಮೀಟರಿಗೆ ಬಿಗಿದರು. ಹತ್ತು ಗಂಟೆ ಓಡಿಸಿ ಮತ್ತೊಮ್ಮೆ ಬಿಗಿಯುವುದು ಮಾಲೀಕರ ಪಾಲಿನ ಕೆಲಸ.

ಬ್ರಾಕೆಟ್ಟೋ ಕ್ಲಚ್ ಹೌಸಿಂಗೋ ಒಡೆದಿದ್ದರೆ ಮಾತೇ ಬೇರೆ, ಅವು ಬೀಡು (ಎರಕದ ಕಬ್ಬಿಣ). ಗ್ರೈಂಡರಿಗೆ ಹಿಡಿದಾಗ ಕಿಡಿ ಮೋಟಾಗಿ, ಮಂಕು ಕೆಂಪಾಗಿ ಬಂದರೆ ಬೀಡೆಂದೇ ಲೆಕ್ಕ. ನಿಕಲ್ ರಾಡಿನಲ್ಲಿ ಒಂದೊಂದೇ ಇಂಚು ಎಳೆದು, ತಟ್ಟಿ, ಆರಿಸಿ ಮಾಡಬಹುದು. ಆದರೆ ಭಾರ ಹೊರುವ ಜಾಗಕ್ಕೆ ಬೇಡ, ಮೈಸೂರಿನಿಂದ ಪಾರ್ಟ್ ತರಿಸಿ ಎಂದು ಶಾಪಿನವರೇ ನೇರ ಹೇಳುತ್ತಾರೆ.

ತೋಟಕ್ಕೇ ಬಂದು ಮಾಡಿಕೊಡುವವರು ಟ್ರೈಲರಿಗೆ, ಗೇಟಿಗೆ ಸಾಕು. ಪಂಪ್‌ಶೆಡ್ಡಿನಿಂದ ಉದ್ದ ವೈರ್ ಎಳೆದರೆ ವೋಲ್ಟೇಜ್ ಕುಸಿದು ರಾಡ್ ಅಂಟಿಕೊಳ್ಳುತ್ತದೆ. ಫ್ರೇಮಿಗೆ ಅವರನ್ನು ನೆಚ್ಚಬೇಡಿ.

ಕೆಲಸಕ್ಕೆ ಎರಡು ದಿನ ಹಿಡಿಯಿತು, ಬಿಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಿಚ್ಚಿ ಕಟ್ಟಿದ ಕೂಲಿಯೇ. ಕಾಫಿ ಕುಯ್ಲು ಶುರುವಾದರೆ ಟ್ರೈಲರ್, ಪಲ್ಪರ್‌ಗಳ (ಹಣ್ಣು ಸುಲಿಯುವ ಯಂತ್ರ) ಸಾಲು ನಿಲ್ಲುತ್ತದೆ, ಅಕ್ಟೋಬರ್ ಒಳಗೆ ಹೋಗಿ. ಕೆಸರು ಗ್ರೀಸು ತೊಳೆದೇ ಕೊಂಡೊಯ್ಯಿರಿ, ಅದಕ್ಕೂ ಇಲ್ಲಿ ಬೇರೆ ಕೂಲಿ.