ಒಂದು ಸಾಲು ಸಾಕೇ, ಒಂದು ಪುಟ ಬೇಕೇ: ಏಜೆಂಟ್‌ನ ಟೂಲ್‌ಗಳಿಗೆ ವಿವರಣೆ ಬರೆಯುವ ಬಗೆಗಳ ಹೋಲಿಕೆ

ಗ್ರಂಥಾಲಯದ ಓದುಗರು ಕನ್ನಡದಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರಿಸುವ, ಎಐ ಭಾಷಾ ಮಾಡೆಲ್ ಬಳಸಿ ತಾನೇ ಕೆಲಸ ಮಾಡುವ ಒಂದು ಏಜೆಂಟ್‌ ಅನ್ನು ರೂಪಿಸುವಾಗ, ಕೋಡ್ ಬರೆಯುವುದಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಅದು ಕರೆದು ಬಳಸುವ ಮೂರು ಪುಟ್ಟ ಪ್ರೋಗ್ರಾಂಗಳ, ಅಂದರೆ ಟೂಲ್‌ಗಳ ವಿವರಣೆಯನ್ನು ಸರಿಪಡಿಸುವುದಕ್ಕೆ. ಕ್ಯಾಟಲಾಗ್‌ನಲ್ಲಿ ಪುಸ್ತಕ ಹುಡುಕುವುದು, ಅದರ ಪ್ರತಿಯೊಂದು ಈಗ ಕಪಾಟಿನಲ್ಲಿ ಉಳಿದಿದೆಯೇ ಎಂದು ನೋಡುವುದು, ಪುಸ್ತಕವನ್ನು ಕಾಯ್ದಿರಿಸುವುದು ಈ ಮೂರು ಟೂಲ್‌ಗಳ ಕೆಲಸ. ವಿವರಣೆಯನ್ನು ನಾಲ್ಕು ಬಗೆಯಲ್ಲಿ ಬರೆದು, ಒಂದೇ ಪ್ರಶ್ನೆಗಳ ಪಟ್ಟಿಯನ್ನು ಪ್ರತಿ ಬಾರಿಯೂ ಓಡಿಸಿ, ಏಜೆಂಟ್ ಯಾವ ಟೂಲ್ ಅನ್ನು ಕರೆಯಿತು, ಅದಕ್ಕೆ ಏನನ್ನು ಕಳುಹಿಸಿತು ಎಂಬುದನ್ನು ಲಾಗ್‌ನಲ್ಲಿ (ಅದರ ಪ್ರತಿ ಹೆಜ್ಜೆಯ ದಾಖಲೆಯಲ್ಲಿ) ಓದುತ್ತಾ ಹೋದೆ.

ವಿವರಣೆಗೆ ಇಷ್ಟು ತೂಕ ಏಕೆಂದರೆ, ಮಾಡೆಲ್‌ಗೆ ನಮ್ಮ ಕೋಡ್ ಕಾಣುವುದಿಲ್ಲ. 2023ರ ಜೂನ್‌ನಲ್ಲಿ ಓಪನ್‌ಎಐ ತಂದ, ಮಾಡೆಲ್ ಟೂಲ್‌ಗಳನ್ನು ಕರೆಯಲು ಅನುವು ಮಾಡುವ ಫಂಕ್ಷನ್ ಕಾಲಿಂಗ್ ಇರಲಿ, 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಪ್ರಕಟಿಸಿದ, ಟೂಲ್‌ಗಳನ್ನು ಮಾಡೆಲ್‌ಗೆ ಜೋಡಿಸುವ ನಿಯಮಾವಳಿಯಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಇರಲಿ, ಟೂಲ್‌ನ ಬಗ್ಗೆ ಮಾಡೆಲ್‌ಗೆ ಮುಖ್ಯವಾಗಿ ತಲುಪುವುದು ಅದರ ಹೆಸರು, ವಿವರಣೆ, ಮತ್ತು ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕೆಂದು ಹೇಳುವ ಜೆಸನ್ ಸ್ಕೀಮಾ.

ಮೊದಲ ಬಗೆ ಒಂದು ಸಾಲಿನದು. ‘ಪುಸ್ತಕಗಳನ್ನು ಹುಡುಕುತ್ತದೆ’ ಎಂದು ಒಂದಕ್ಕೆ, ‘ಪುಸ್ತಕದ ಮಾಹಿತಿ ನೀಡುತ್ತದೆ’ ಎಂದು ಇನ್ನೊಂದಕ್ಕೆ ಬರೆದೆ. ನೇರವಾದ ಪ್ರಶ್ನೆಗಳಿಗೆ ಇಷ್ಟೇ ಸಾಕಾಯಿತು, ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕು) ಖರ್ಚೂ ಕಡಿಮೆ. ಆದರೆ ‘ಜೇನು ಸಾಕಣೆಯ ಪುಸ್ತಕ ಈಗ ಸಿಗುತ್ತದೆಯೇ?’ ಎಂದು ಕೇಳಿದಾಗ, ಏಜೆಂಟ್ ಹುಡುಕುವ ಟೂಲ್ ಅನ್ನು ಮಾತ್ರ ಕರೆದು, ಕ್ಯಾಟಲಾಗ್‌ನಲ್ಲಿ ದಾಖಲೆ ಕಂಡ ಕೂಡಲೇ ‘ಸಿಗುತ್ತದೆ’ ಎಂದು ಉತ್ತರಿಸಿಬಿಟ್ಟಿತು. ಇದ್ದ ಒಂದೇ ಪ್ರತಿ ಬೇರೊಬ್ಬ ಓದುಗರ ಮನೆಯಲ್ಲಿತ್ತು. ಉತ್ತರ ನಂಬಿ ಬಸ್ಸು ಹತ್ತಿ ಬರುವವರಿಗೆ ಇದು ಸಣ್ಣ ತಪ್ಪಲ್ಲ. ಈ ತಪ್ಪಿಗೆ ಮಾಡೆಲ್ ಅನ್ನು ದೂರುವುದು ನ್ಯಾಯವಲ್ಲವೆಂದು ನನಗನ್ನಿಸಿತು, ಏಕೆಂದರೆ ನಾನು ಬರೆದ ಎರಡು ಸಾಲುಗಳನ್ನು ಓದಿದ ಹೊಸ ಸಹೋದ್ಯೋಗಿಯೂ ಅದನ್ನೇ ಮಾಡುತ್ತಿದ್ದರು.

ಇದರಿಂದ ಎಚ್ಚೆತ್ತು ಎರಡನೆಯ ಬಗೆಯಲ್ಲಿ ಎಲ್ಲವನ್ನೂ ಹೇಳಲು ಹೊರಟೆ. ಡೇಟಾಬೇಸ್ ಹೇಗಿದೆ, ಎಷ್ಟು ಫಲಿತಾಂಶ ಬರುತ್ತದೆ, ಯಾವ ಕಾಲಂ ಎಲ್ಲಿಂದ ಬಂತು ಎಂದೆಲ್ಲ ತುಂಬಿಸಿ, ‘ಯಾವಾಗಲೂ ಮೊದಲು ಇದನ್ನೇ ಬಳಸಿ’ ಎಂಬ ಒತ್ತಾಯದ ಮಾತನ್ನೂ ಸೇರಿಸಿದೆ. ಪರಿಣಾಮವಾಗಿ, ಗ್ರಂಥಾಲಯ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿದರೂ ಏಜೆಂಟ್ ಕ್ಯಾಟಲಾಗ್ ತಡಕಾಡತೊಡಗಿತು. ಈ ವಿವರಣೆಗಳು ಪ್ರತಿ ಸಂಭಾಷಣೆಯಲ್ಲೂ ಮಾಡೆಲ್‌ನ ಕಾಂಟೆಕ್ಸ್ಟ್‌ನಲ್ಲಿ (ಅದು ಒಮ್ಮೆಗೆ ನೋಡಬಲ್ಲ ಪಠ್ಯದಲ್ಲಿ) ಜಾಗ ಹಿಡಿಯುತ್ತವೆ ಎಂಬುದನ್ನು ನೆನೆದು, ಈ ಬಗೆಯನ್ನು ನಾನು ಸಂಪೂರ್ಣವಾಗಿ ಕೈಬಿಟ್ಟೆ.

ಮೂರನೆಯ ಬಗೆಯಲ್ಲಿ ಪ್ರತಿ ಟೂಲ್‌ನ ಗಡಿಯನ್ನು ಬರೆದೆ. ಹುಡುಕುವ ಟೂಲ್‌ನ ವಿವರಣೆ ಹೀಗಾಯಿತು: ‘ಕ್ಯಾಟಲಾಗ್‌ನಲ್ಲಿರುವ ದಾಖಲೆಗಳನ್ನು ಶೀರ್ಷಿಕೆ ಅಥವಾ ವಿಷಯದ ಮೂಲಕ ಹುಡುಕುತ್ತದೆ. ಪ್ರತಿ ಈಗ ಕಪಾಟಿನಲ್ಲಿದೆಯೇ ಎಂಬುದನ್ನು ಇದು ಹೇಳುವುದಿಲ್ಲ. ಅದನ್ನು ತಿಳಿಯಲು ಇಲ್ಲಿ ಸಿಗುವ ಪುಸ್ತಕದ ಸಂಖ್ಯೆಯನ್ನು ಪ್ರತಿಯ ಸ್ಥಿತಿ ತಿಳಿಸುವ ಟೂಲ್‌ಗೆ ಕೊಡಿ. ಗ್ರಂಥಾಲಯದ ವೇಳೆ, ಸದಸ್ಯತ್ವ ಕುರಿತ ಪ್ರಶ್ನೆಗಳಿಗೆ ಇದನ್ನು ಬಳಸಬೇಡಿ.’ ಜೇನು ಸಾಕಣೆಯ ಪ್ರಶ್ನೆಗೆ ಏಜೆಂಟ್ ಈಗ ಎರಡು ಟೂಲ್‌ಗಳನ್ನೂ ಸರಿಯಾದ ಕ್ರಮದಲ್ಲಿ ಕರೆದು, ಪ್ರತಿ ಹೊರಗಿದೆ ಎಂದು ತಿಳಿಸಿ, ಕಾಯ್ದಿರಿಸಬೇಕೇ ಎಂದು ಕೇಳಿತು. ಟೂಲ್ ಏನು ಮಾಡುವುದಿಲ್ಲ ಎಂಬ ಒಂದು ವಾಕ್ಯ, ಏನು ಮಾಡುತ್ತದೆ ಎಂಬ ಹತ್ತು ವಾಕ್ಯಗಳಿಗಿಂತ ಹೆಚ್ಚು ಕೆಲಸ ಮಾಡಿದ್ದನ್ನು ನಾನು ಲಾಗ್‌ನಲ್ಲಿ ಕಣ್ಣಾರೆ ಕಂಡೆ.

ಪ್ಯಾರಾಮೀಟರ್‌ಗಳಿಗೂ (ಟೂಲ್‌ಗೆ ಕಳುಹಿಸುವ ಒಂದೊಂದು ಮಾಹಿತಿಗೂ) ಇದೇ ಎಚ್ಚರ ಬೇಕು. ಕಾಯ್ದಿರಿಸುವ ಟೂಲ್‌ಗೆ ‘ದಿನಾಂಕ’ ಎಂದಷ್ಟೇ ಬರೆದಿದ್ದಾಗ 05/06 ಎಂಬ ಬರಹ ಒಮ್ಮೆ ಜೂನ್ 5 ಆಯಿತು, ಇನ್ನೊಮ್ಮೆ ಮೇ 6 ಆಯಿತು. ‘ವರ್ಷ-ತಿಂಗಳು-ದಿನ, ಉದಾಹರಣೆಗೆ 2025-06-05’ ಎಂದು ಆ ಪ್ಯಾರಾಮೀಟರ್‌ನ ವಿವರಣೆಯಲ್ಲಿಯೇ ಬರೆದ ಮೇಲೆ ಈ ಗೊಂದಲ ಮತ್ತೆ ಕಾಣಲಿಲ್ಲ. ಶಾಖೆಗಳ ಹೆಸರನ್ನು ಮುಕ್ತವಾಗಿ ಬಿಡುವ ಬದಲು ಸ್ಕೀಮಾದಲ್ಲಿ ನಿಗದಿತ ಪಟ್ಟಿಯಾಗಿ ಕೊಟ್ಟದ್ದೂ ನೆರವಾಯಿತು.

ನಾಲ್ಕನೆಯದು ಉದಾಹರಣೆಗಳ ಮೂಲಕ ಕಲಿಸುವ ಬಗೆ. ಕಾಯ್ದಿರಿಸುವ ಟೂಲ್‌ಗೆ ತುಂಬಿದ ಅರ್ಜಿಯಂಥ ಒಂದು ಮಾದರಿಯನ್ನು ಕೊಟ್ಟೆ. ಅದರಲ್ಲಿ ಶಾಖೆಯ ಜಾಗದಲ್ಲಿ ‘ಮುಖ್ಯ ಶಾಖೆ’ ಎಂದಿತ್ತು. ಓದುಗರು ಶಾಖೆಯ ಹೆಸರೆತ್ತದಿದ್ದಾಗಲೂ ಏಜೆಂಟ್ ‘ಮುಖ್ಯ ಶಾಖೆ’ ಎಂದೇ ತುಂಬತೊಡಗಿತು. ಶಾಖೆಯ ಜಾಗವನ್ನು ಖಾಲಿ ಬಿಟ್ಟ ಎರಡನೆಯ ಮಾದರಿಯನ್ನು ಪಕ್ಕದಲ್ಲಿಟ್ಟಾಗ ಈ ಚಾಳಿ ನಿಂತಿತು. ಹಾಗಾಗಿ ಉದಾಹರಣೆ ಕೊಡುವುದಾದರೆ ಒಂದಕ್ಕೊಂದು ಭಿನ್ನವಾದ ಎರಡನ್ನಾದರೂ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಕನ್ನಡದಲ್ಲಿ ಇಂಥ ಏಜೆಂಟ್ ಕಟ್ಟುವವರಿಗೆ ಇನ್ನೊಂದು ಆಯ್ಕೆ ಎದುರಾಗುತ್ತದೆ: ವಿವರಣೆಯನ್ನು ಯಾವ ಭಾಷೆಯಲ್ಲಿ ಬರೆಯುವುದು? ನಾನು ಕನ್ನಡ, ಇಂಗ್ಲಿಷ್ ಎರಡನ್ನೂ ಪರೀಕ್ಷಿಸಿದೆ. ಟೂಲ್‌ನ ಆಯ್ಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಕನ್ನಡಕ್ಕೆ ಟೋಕನ್ ಮಾತ್ರ ಹೆಚ್ಚು ಬೇಕಾಯಿತು. ಆದರೆ ಇಂಗ್ಲಿಷ್ ವಿವರಣೆ ಇದ್ದಾಗ ಏಜೆಂಟ್ ‘ಜೇನು ಸಾಕಣೆ’ ಎಂಬುದನ್ನು ‘ಬೀಕೀಪಿಂಗ್’ ಎಂದು ಇಂಗ್ಲಿಷ್‌ಗೆ ಅನುವಾದಿಸಿ ಹುಡುಕಿ, ಕನ್ನಡ ಕ್ಯಾಟಲಾಗ್‌ನಿಂದ ಬರಿಗೈಯಲ್ಲಿ ಮರಳಿ, ಅಂಥ ಪುಸ್ತಕವೇ ಇಲ್ಲವೆಂದು ಹೇಳಿತು. ‘ಓದುಗರು ಬಳಸಿದ ಪದವನ್ನೇ ಕನ್ನಡ ಲಿಪಿಯಲ್ಲಿ ಕಳುಹಿಸಿ, ಅನುವಾದಿಸಬೇಡಿ’ ಎಂಬ ಸೂಚನೆಯನ್ನು ಸೇರಿಸಿದಾಗ ಅದು ಸರಿಹೋಯಿತು. ಹೀಗಾಗಿ ಇಂಗ್ಲಿಷ್ ವಿವರಣೆಯನ್ನೇ ಉಳಿಸಿಕೊಂಡು, ಈ ಸೂಚನೆಯನ್ನು ಹುಡುಕುವ ಪದದ ಪ್ಯಾರಾಮೀಟರ್‌ಗೆ ಜೋಡಿಸಿದ್ದೇನೆ.

ಸದ್ಯ ಮೂರೂ ಟೂಲ್‌ಗಳಿಗೆ ಗಡಿ ಹೇಳುವ ವಿವರಣೆಯೇ ಇದೆ. ಉದಾಹರಣೆಗಳನ್ನು ಕಾಯ್ದಿರಿಸುವ ಟೂಲ್‌ಗೆ ಮಾತ್ರ ಉಳಿಸಿದ್ದೇನೆ, ಏಕೆಂದರೆ ಮೂರರಲ್ಲಿ ದಾಖಲೆಯನ್ನು ಬದಲಿಸುವುದು ಅದೊಂದೇ, ಮತ್ತು ಅಲ್ಲಿ ತಪ್ಪಾದರೆ ಇನ್ನೊಬ್ಬ ಓದುಗರ ಸರದಿ ಕೈತಪ್ಪುತ್ತದೆ.