ಅಕಾಯ್ ಡೆಕ್ಕಿಗೆ 15 ರೂಪಾಯಿಯ ಬಲ್ಬು

ಚಿಕ್ಕಪ್ಪ 1981ರಲ್ಲಿ ದುಬೈನಿಂದ ಹೊತ್ತು ತಂದ ಅಕಾಯ್ ಕ್ಯಾಸೆಟ್ ಡೆಕ್ ಈಗ ನನ್ನ ಹತ್ತಿರ ಇದೆ. ಹಾಡುತ್ತದೆ, ರೆಕಾರ್ಡ್ ಮಾಡುತ್ತದೆ. ಬೆಲ್ಟ್ ಮಾತ್ರ ಎರಡು ಸಲ ಬದಲಾಗಿದೆ. ಆದರೆ ಮುಂದಿನ, ದನಿ ಎಷ್ಟು ಜೋರಿದೆ ಅಂತ ಮುಳ್ಳಿನಲ್ಲಿ ತೋರಿಸುವ ಎರಡು ವಿಯು ಮೀಟರ್‌ಗಳ ದೀಪ ಸತ್ತಿದ್ದವು. ಎಡಗಡೆಯದು ಹೋಗಿ ವರ್ಷಗಳೇ ಆದವು. ಬಲಗಡೆಯದು ಈ ಮಳೆಗಾಲದಲ್ಲಿ ಹೋಯಿತು. ರಾತ್ರಿ ಕ್ಯಾಸೆಟ್ ಹಾಕಿದರೆ ಮುಳ್ಳು ಕತ್ತಲಲ್ಲೇ ಕುಣಿಯುತ್ತಿತ್ತು. ಅದನ್ನು ನೋಡೋಕೇ ಅಲ್ವಾ ಇಂಥ ಡೆಕ್ ಇಟ್ಟುಕೊಳ್ಳೋದು?

ಮೊದಲು ಆನ್‌ಲೈನ್‌ನಲ್ಲಿ ಒಂದು ಎಲ್‌ಇಡಿ ಜೋಡಿ ತರಿಸಿದೆ. 480 ರೂಪಾಯಿ. 'ಹಳೆ ಡೆಕ್ಕಿಗೆ ನೇರ ಹಾಕಬಹುದು, ವಾರ್ಮ್ ವೈಟ್' ಅಂತ ಬರೆದಿತ್ತು. ಹಾಕಿ ಸ್ವಿಚ್ ಒತ್ತಿದೆ. ಬೆಣ್ಣೆ ಬಣ್ಣದ ಮೀಟರ್ ಮುಖ ಆಸ್ಪತ್ರೆ ಕಾರಿಡಾರ್ ಥರ ಬೆಳ್ಳಗಾಯಿತು. ಮಧ್ಯದಲ್ಲಿ ಒಂದು ಉರಿಯುವ ಚುಕ್ಕೆ, ಸ್ಕೇಲಿನ ಎಡತುದಿಯ ಮೈನಸ್ 20ರ ಕಡೆ ಕತ್ತಲು. ತಂತಿ ಬಲ್ಬು (ಒಳಗಿನ ತಂತಿ ಕಾದು ಉರಿಯುವ ಹಳೆ ಥರದ್ದು) ಸುತ್ತಲೂ ಬೆಳಕು ಚೆಲ್ಲುತ್ತದೆ, ಎಲ್‌ಇಡಿ ಮುಖ ಮಾಡಿದ ಕಡೆಗಷ್ಟೇ ಕೊಡುತ್ತದೆ. ಮೀಟರಿನ ಒಳಗಿನ ಪ್ಲಾಸ್ಟಿಕ್ ತಯಾರಾಗಿದ್ದು ತಂತಿ ಬಲ್ಬಿಗೆ.

ಅದಕ್ಕಿಂತ ಜಾಸ್ತಿ ಕಾಟ ಕೊಟ್ಟಿದ್ದು ಮಿನುಗು. ಮುಳ್ಳು ಜೋರಾಗಿ ಎದ್ದಾಗ ಒಂದರ ಪಕ್ಕ ಒಂದು ನಾಲ್ಕೈದು ಮುಳ್ಳು ಕಾಣಿಸುತ್ತಿದ್ದವು. ಬಿಚ್ಚಿ ನೋಡಿದರೆ ಒಳಗೆ ಇದ್ದಿದ್ದು ಒಂದೇ ಒಂದು ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಡೆಕ್ಕಿನ ದೀಪಕ್ಕೆ ಬರುವುದು ಎಸಿ, ಹಿಂದೆ ಮುಂದೆ ದಿಕ್ಕು ಬದಲಿಸುವ ಕರೆಂಟು. ಒಂದೇ ಡಯೋಡ್ ಇದ್ದರೆ ಅರ್ಧ ಅಲೆ ಮಾತ್ರ ದಾಟುತ್ತದೆ, ದೀಪ ಸೆಕೆಂಡಿಗೆ 50 ಸಲ ಹತ್ತಿ ಆರುತ್ತದೆ. ತಂತಿ ಬಲ್ಬಿನಲ್ಲಿ ಈ ತೊಂದರೆ ಕಣ್ಣಿಗೆ ಬೀಳಲ್ಲ. ಕಾದ ತಂತಿ ಅಷ್ಟು ಬೇಗ ಆರುವುದಿಲ್ಲ. ಎರಡೂ ಅರ್ಧ ಅಲೆ ದಾಟಿಸುವ ನಾಲ್ಕು ಡಯೋಡಿನ ಬ್ರಿಡ್ಜು, ಅದನ್ನು ಸಮ ಮಾಡುವ ಒಂದು ಕೆಪಾಸಿಟರ್ ಹಾಕಿದ್ದರೆ ಮುಗಿಯುತ್ತಿತ್ತು. 480 ರೂಪಾಯಿ ತೆಗೆದುಕೊಂಡು ಇಷ್ಟೂ ಮಾಡದಿದ್ದರೆ ಹೇಗೆ? ವಾಪಸ್ ಕಳಿಸಿದೆ.

ತಂತಿ ಬಲ್ಬೇ ಬೇಕು ಅಂತ ಶನಿವಾರ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್‌ಪಿ ರೋಡಿಗೆ ಹೋದೆ. ಮೊದಲ ಮೂರು ಅಂಗಡಿಯಲ್ಲಿ 'ಎಲ್‌ಇಡಿ ಹಾಕ್ಬಿಡಿ ಮೇಡಂ, ಇದನ್ನೆಲ್ಲ ಈಗ ಯಾರೂ ಕೇಳಲ್ಲ' ಅಂದರು. ಒಬ್ಬರು ಗಣಪತಿ ಹಬ್ಬದ ಸೀರಿಯಲ್ ಸೆಟ್ ತೋರಿಸಿದರು. ನಾಲ್ಕನೇ ಅಂಗಡಿಯ ಅಜ್ಜ ಮಾತಾಡದೆ ಏಣಿ ಹತ್ತಿ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದರು. ಅದರಲ್ಲಿತ್ತು ಆ ಬಲ್ಬು. 'ಗ್ರೇನ್ ಆಫ್ ವೀಟ್' ಅಂತ ಇದಕ್ಕೆ ಹೆಸರು. ನಮ್ಮ ಕುಂದಾಪುರದ ಕಡೆಯವರಿಗೆ ಹೇಳುವುದಾದರೆ ಭತ್ತದ ಕಾಳಿಗಿಂತ ಸ್ವಲ್ಪ ದಪ್ಪ. ಹಿಂದೆ ಕೂದಲಿನಂಥ ಎರಡು ವೈರು. 12 ವೋಲ್ಟ್, 60 ಮಿಲಿಆಂಪ್. ಒಂದಕ್ಕೆ 15 ರೂಪಾಯಿ. ಹತ್ತು ಕೊಂಡೆ. ಬಿಲ್ಲಿಲ್ಲ, ವಾಪಸ್ಸಿಲ್ಲ.

ಆದರೆ ಬಲ್ಬು ಹಾಕುವ ಮೊದಲು ಮಲ್ಟಿಮೀಟರ್ ಹಿಡಿದಿದ್ದು ಒಳ್ಳೆಯದಾಯಿತು. ಡೆಕ್ಕಿನ ಹಿಂದಿನ ಮಾಡೆಲ್ ಸ್ಟಿಕ್ಕರ್ ಸವೆದು ಹೋಗಿದೆ, ಹಾಗಾಗಿ ಅಳೆಯದೆ ಗತಿ ಇರಲಿಲ್ಲ. ದೀಪದ ವೈರಿನಲ್ಲಿ 13.1 ವೋಲ್ಟ್ ಬರುತ್ತಿತ್ತು. 12ರ ಬಲ್ಬಿಗೆ 13.1 ಯಾಕೆ? ಹಿಂದೆ ತಿರುಗಿಸಿ ನೋಡಿದರೆ ವೋಲ್ಟೇಜ್ ಸೆಲೆಕ್ಟರ್ (ಊರಿನ ಕರೆಂಟಿಗೆ ತಕ್ಕಂತೆ ತಿರುಗಿಸುವ ಗುಂಡಿ) 220ರಲ್ಲಿ ಕೂತಿದೆ. ದುಬೈನಲ್ಲಿ ಅದೇ ಸರಿ. ನಮ್ಮ ಮನೆಯ ಪ್ಲಗ್ಗಿನಲ್ಲಿ 240 ಇದೆ. ನಲವತ್ತು ವರ್ಷದಿಂದ ಯಾರೂ ಅದನ್ನು ಮುಟ್ಟಿಲ್ಲ, ಚಿಕ್ಕಪ್ಪನೂ ಸೇರಿ!

ತಂತಿ ಬಲ್ಬಿನ ಆಯಸ್ಸು ವೋಲ್ಟೇಜಿನ ಸುಮಾರು 12ನೇ ಘಾತಕ್ಕೆ ವಿಲೋಮ ಅಂತ ಡಿಪ್ಲೊಮಾದಲ್ಲಿ ಓದಿದ್ದೆ. ಆಗ ಸುಮ್ನೆ ಬಾಯಿಪಾಠ. ಈಗ ಲೆಕ್ಕ ಹಾಕಿದರೆ, ಶೇ 9 ವೋಲ್ಟೇಜ್ ಜಾಸ್ತಿಯಾದರೆ ಆಯಸ್ಸು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಿಚ್ಚಿದ ಹಳೆ ಬಲ್ಬಿನ ಗಾಜು ಒಳಗಿಂದ ಕಪ್ಪಾಗಿತ್ತು. ತಂತಿಯ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಮೆತ್ತಿಕೊಂಡಿದ್ದು ಅದು.

ಪ್ಲಗ್ ಕಿತ್ತು ಸೆಲೆಕ್ಟರ್ 240ಕ್ಕೆ ತಿರುಗಿಸಿದೆ. ಸರಿಯಾಗಿ 12 ವೋಲ್ಟ್ ಬಂತು. ಅದರ ಮೇಲೆ ಪ್ರತಿ ಬಲ್ಬಿಗೂ ಕರೆಂಟನ್ನು ಸ್ವಲ್ಪ ತಡೆಯುವ ಒಂದು 22 ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿದೆ, ಕಾಲು ವಾಟಿನದು ಧಾರಾಳ ಸಾಕು. ಬಲ್ಬಿಗೆ ಈಗ ಸಿಗುವುದು 10.8. ಬೆಳಕು ಶೇ 70ಕ್ಕೆ ಇಳಿಯಿತು, ಆಯಸ್ಸು ಲೆಕ್ಕದ ಪ್ರಕಾರ ಮೂರೂವರೆ ಪಟ್ಟು. ಬೆಳಕು ಕಡಿಮೆಯಾಗಿದ್ದೇ ಚೆನ್ನಾಗಿದೆ. ಹಳದಿ ಸ್ವಲ್ಪ ಗಾಢವಾಯಿತು.

ಬಲ್ಬಿನ ದೂರೂ ಇದೆ. ಹತ್ತರಲ್ಲಿ ಒಂದು ಹತ್ತಲೇ ಇಲ್ಲ. ಇನ್ನೊಂದರ ವೈರು ಗಾಜಿನ ಬುಡದಲ್ಲೇ ಮುರಿಯಿತು. ಅದು ನನ್ನ ತಪ್ಪು, ಚಿಮಟಿಯಲ್ಲಿ ಹಿಡಿಯದೆ ಬಗ್ಗಿಸಿದೆ. ಉಳಿದ ಎಂಟೂ ಒಂದೇ ಥರ ಉರಿಯಲ್ಲ. ಎಂಟನ್ನೂ ಸಾಲಾಗಿ ಹೊತ್ತಿಸಿ, ಕೋಣೆ ಕತ್ತಲು ಮಾಡಿ, ಒಂದೇ ಹಳದಿಯ ಎರಡನ್ನು ಆರಿಸಿದೆ. ಎರಡೇ ಸಾಕು ಅಂತ ಎರಡೇ ತಂದರೆ ಎಡ ಬಲ ಬೇರೆ ಬೇರೆ ಬಣ್ಣ ಆಗುತ್ತದೆ. ಕಡಿಮೆ ಅಂದರೂ ಆರು ತನ್ನಿ.

ಮೀಟರಿನ ಪ್ಲಾಸ್ಟಿಕ್ ಮುಚ್ಚಳವನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ. ನಾನು ಉಜ್ಜಿದೆ. ಸ್ಥಿರ ವಿದ್ಯುತ್ ಕೂತು ಮುಳ್ಳು ಮೈನಸ್ 5ರಲ್ಲಿ ಅಂಟಿಕೊಂಡಿತು, ಮೀಟರ್ ಸತ್ತೇ ಹೋಯಿತು ಅಂದುಕೊಂಡು ಎದೆ ಧಸಕ್ಕೆಂದಿತು. ಪಾತ್ರೆ ಸೋಪಿನ ತೆಳು ನೀರಲ್ಲಿ ಒರೆಸಿ ಒಣಗಲು ಬಿಟ್ಟ ಮೇಲೆ ಸರಿಯಾಯಿತು.

ಆ ರಾತ್ರಿ ಚಿಕ್ಕಪ್ಪ ರೆಕಾರ್ಡ್ ಮಾಡಿದ ಯಕ್ಷಗಾನದ ಕ್ಯಾಸೆಟ್ ಹಾಕಿದೆ. ಭಾಗವತರು ರಾಗ ಎಳೆದಾಗ ಮುಳ್ಳು ಸೊನ್ನೆಯವರೆಗೆ ಆರಾಮಾಗಿ ಹೋಗಿ ನಿಲ್ಲುತ್ತದೆ. ಚಂಡೆ ಬಿದ್ದಾಗ, ಕಿವಿಗೆ ಅಷ್ಟು ಜೋರಿದ್ದರೂ, ಮೈನಸ್ 7 ದಾಟಲ್ಲ. 1939ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್, ಸಿಬಿಎಸ್, ಎನ್‌ಬಿಸಿ ಸೇರಿ ಮಾಡಿದ ವಿಯು ಮೀಟರಿನ ನಿಯಮದಲ್ಲೇ ಮುಳ್ಳು ಮೇಲೇರಲು 300 ಮಿಲಿಸೆಕೆಂಡ್ ಬೇಕು. ಅದು ಏಳುವಷ್ಟರಲ್ಲಿ ಚಂಡೆಯ ಪೆಟ್ಟು ಮುಗಿದೇ ಹೋಗಿರುತ್ತದೆ. 'ಚಂಡೆಗೆ ಮುಳ್ಳನ್ನ ನಂಬಬೇಡ, ರೆಕಾರ್ಡಿಂಗ್ ಲೆವೆಲ್ ಇಳಿಸು' ಅಂತ ಚಿಕ್ಕಪ್ಪ ಯಾಕೆ ಬೈಯುತ್ತಿದ್ದರು ಅಂತ ದೀಪ ಹತ್ತಿದ ಮೇಲೆ ಕಣ್ಣಾರೆ ಕಂಡಿತು.

ಎಲ್‌ಇಡಿಗೆ ಐದರಲ್ಲಿ ಒಂದು ಸ್ಟಾರ್, ಅದೂ ಹಣ ವಾಪಸ್ ಬಂದಿದ್ದಕ್ಕೆ. ಅಜ್ಜನ ಬಲ್ಬಿಗೆ ನಾಲ್ಕು. ಉಳಿದ ಆರನ್ನು ಖಾಲಿ ಕ್ಯಾಸೆಟ್ ಡಬ್ಬಿಯಲ್ಲಿ ಹಾಕಿದ್ದೇನೆ. ಮೇಲೆ '22 ಓಮ್ ಮರೀಬೇಡ' ಅಂತ ಬರೆದು ಡೆಕ್ಕಿನ ಹಿಂದೆ, ಸೆಲೆಕ್ಟರ್ ಪಕ್ಕದಲ್ಲೇ ಅಂಟಿಸಿದ್ದೇನೆ.