ಬೀಜದುಂಡೆಯೋ, ಸಸಿಯೋ? ಮಲೆನಾಡಿನಲ್ಲಿ ಗಿಡ ಬೆಳೆಸುವ ಮಳೆಗಾಲದ ಶಿಬಿರಕ್ಕೆ ಒಂದು ಹೋಲಿಕೆ

ಮಕ್ಕಳ ದೊಡ್ಡ ಗುಂಪು, ಅರ್ಧ ದಿನ ಅಂದರೆ ಬೀಜದುಂಡೆ ಸಲೀಸು. ಮೂರು ಪಾಲು ಜರಡಿ ಹಿಡಿದ ಕೆಮ್ಮಣ್ಣು, ಒಂದು ಪಾಲು ಸಗಣಿ ಗೊಬ್ಬರ. ಒಳಗೆ ಬೀಜವಿಟ್ಟು ಉಂಡೆ ಕಟ್ಟಿ ನೆರಳಲ್ಲಿ ಒಣಗಿಸಿ. ಸೀಗೆ, ಅಂಟುವಾಳ ಆಗುತ್ತದೆ. ನೇರಳೆ, ಹಲಸು, ಧೂಪ ಬೇಡ: ಒಣಗಿದರೆ ಆ ಬೀಜ ಸತ್ತಂತೆಯೇ. ತರಗೆಲೆಯ ಮೇಲೆ ಬಿದ್ದ ಉಂಡೆ ಮೊಳೆತರೂ ಬೇರು ಮಣ್ಣು ಮುಟ್ಟುವುದಿಲ್ಲ. ಎಸೆಯುವ ಬದಲು ಎಲೆ ಸರಿಸಿ ಒತ್ತಿ. (ಫೋಟೊಗೆ ಎಸೆಯುವುದೇ ಚೆಂದ, ಅದು ಬೇರೆ ಮಾತು.)

ಗಿಡ ಉಳಿಯಲೇಬೇಕೆಂದರೆ ಸಸಿಯೇ ಸರಿ. ಮೇ ತಿಂಗಳಲ್ಲೇ ಒಂದೂವರೆ ಅಡಿ ಗುಂಡಿ ತೆಗೆದು, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಡಿ. ಸಸಿಯ ಪ್ಲಾಸ್ಟಿಕ್ ತೊಟ್ಟೆ (ಚೀಲ) ಪೂರ್ತಿ ಹರಿದು, ತಳದಲ್ಲಿ ಸುರುಳಿ ಸುತ್ತಿದ ಬೇರು ಕತ್ತರಿಸಿ. ಆಗುಂಬೆ, ಹೊಸನಗರದ ಮಳೆಗೆ ತಗ್ಗಿನಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ, ಮಣ್ಣು ಏರಿಸಿ.

ಕೊಡಚಾದ್ರಿಯಂಥ ಬೆಟ್ಟದ ಶೋಲಾ ಹುಲ್ಲುಗಾವಲಿನಲ್ಲಿ (ಕಣಿವೆಯಲ್ಲಷ್ಟೇ ಕಾಡು, ಉಳಿದೆಡೆ ಸಹಜ ಹುಲ್ಲು ಇರುವ ಜಾಗ) ಎರಡೂ ಬೇಡ. ಉಳಿದ ಅರಣ್ಯದಲ್ಲಿ ಮೊದಲು ವಲಯ ಅರಣ್ಯಾಧಿಕಾರಿಯ ಒಪ್ಪಿಗೆ ಪಡೆಯಿರಿ.